ಸೋಲನ್ನು ಹೊರುವವರು ಯಾರು? ಚನ್ನಗಿರಿ ಸೀಮೆಯ ಬಯಲು ಜಂಗಿ ಕುಸ್ತಿ ಮತ್ತು ಎಂಎಂಎ ಹೋರಾಟಗಾರನ ಹಂಬಲ

1. ಪ್ರಶ್ನೆ ಮತ್ತು ಕ್ಷೇತ್ರ

ವೃತ್ತಿಪರ ಹೋರಾಟಗಾರನ ಮನಸ್ಸನ್ನು ಕುರಿತ ಚರ್ಚೆ ಬಹುಮಟ್ಟಿಗೆ ಛಲ, ಧೈರ್ಯ, ಏಕಾಗ್ರತೆಗಳ ವರ್ಣನೆಯಲ್ಲೇ ಮುಗಿದುಹೋಗುತ್ತದೆ. ಗೆದ್ದವನಲ್ಲಿ ಈ ಗುಣಗಳನ್ನು ಗುರುತಿಸುವುದು ಸುಲಭ. ಸೋತವನಲ್ಲಿ ಅವು ಹೇಗೆ ಉಳಿಯುತ್ತವೆ ಎಂಬುದೇ ಕಷ್ಟದ ಪ್ರಶ್ನೆ. ಕಾಳಗ ಹೇಗೆ ಮುಗಿಯುತ್ತದೆ, ಮುಗಿದ ಮೇಲೆ ಸೋಲಿನ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬ ಎರಡು ಸಂಗತಿಗಳು ಹೋರಾಟಗಾರನ ಹಂಬಲವನ್ನು ರೂಪಿಸುತ್ತವೆ ಎಂಬುದು ಈ ಲೇಖನದ ಪ್ರತಿಪಾದನೆ.

ಇದನ್ನು ಪರಿಶೀಲಿಸಲು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆ ತಕ್ಕ ನೆಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಒಂದು ಕಡೆ ಭದ್ರಾ ನಾಲೆ, ಸೂಳೆಕೆರೆಗಳ ನೀರುಂಡ ಭತ್ತದ ಗದ್ದೆ, ಅಡಿಕೆ ತೋಟ. ಇನ್ನೊಂದು ಕಡೆ ಮಳೆಯನ್ನೇ ನಂಬಿದ ಜಗಳೂರಿನ ಹೊಲ. ಈ ಭಾಗದ ಜಾತ್ರೆಗಳಲ್ಲಿ ಬಯಲು ಜಂಗಿ ಕುಸ್ತಿಗೆ ಇಂದಿಗೂ ಜನ ಕಿಕ್ಕಿರಿಯುತ್ತಾರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಹೊರರಾಜ್ಯದ ಪೈಲ್ವಾನರೂ ಬರುತ್ತಾರೆ.

2. ಆಸ್ಥಾನದ ಮಲ್ಲರು ಮತ್ತು ಜಟ್ಟಿಗಳು

ಕರ್ನಾಟಕದಲ್ಲಿ ಹೋರಾಟಗಾರನ ಬದುಕಿನ ವ್ಯವಸ್ಥಿತ ಚಿತ್ರ ಸಿಗುವುದು ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ. 12ನೇ ಶತಮಾನದ ಈ ಸಂಸ್ಕೃತ ಗ್ರಂಥದ ‘ಮಲ್ಲವಿನೋದ’ ಭಾಗ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಲ್ಲಿ ವಿಂಗಡಿಸುತ್ತದೆ. ಭಾರ ಎತ್ತುವ ಭಾರಶ್ರಮ, ಮುಂಜಾನೆಯ ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ತಾಲೀಮನ್ನೂ ಬಿಡಿಸಿ ಹೇಳುತ್ತದೆ. ಮಲ್ಲರ ಪೌಷ್ಟಿಕ ಆಹಾರದ ಹೊಣೆ ಅರಮನೆಯದು. ಮಲ್ಲನ ಹಂಬಲಕ್ಕೆ ಮೊದಲಿನಿಂದಲೂ ಒಬ್ಬ ಪೋಷಕನಿದ್ದ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಇಂದಿನ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ಗೆ, ಅಂದರೆ ಎಂಎಂಎಗೆ, ನಮ್ಮಲ್ಲಿ ಹತ್ತಿರದ ರೂಪವೆಂದರೆ ಮೈಸೂರಿನ ವಜ್ರಮುಷ್ಟಿ ಕಾಳಗ. ಹೊಡೆತ, ಹಿಡಿತ ಎರಡೂ ಅದರಲ್ಲಿವೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿ, ಮುಷ್ಟಿಗೆ ಆಯುಧ ತೊಟ್ಟು ವಿಜಯದಶಮಿಯಂದು ಅರಮನೆಯಲ್ಲಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಆ ರಕ್ತ ವಿಧಿಯ ಭಾಗ, ಹರಿಸಿದವನೂ ಸುರಿಸಿದವನೂ ಸಮಾನ ಸೇವಾಕರ್ತರು. ಸೋಲು ಇಲ್ಲಿ ವ್ಯಕ್ತಿಯ ಬಾಳಿನ ಕಲೆಯಾಗಿ ಉಳಿಯುವುದಿಲ್ಲ.

3. ಚಿತ್ ಆಗುವ ತನಕ

ಬಯಲು ಜಂಗಿ ಕುಸ್ತಿಯ ನಿಯಮ ಬೇರೆ. ಪೈಲ್ವಾನ ಅಖಾಡಕ್ಕೆ ಕಾಲಿಡುವ ಮುನ್ನ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಎದುರಾಳಿಯ ಕೈ ಕುಲುಕಿ, ಬೆವರಿಗೆ ಹಿಡಿತ ಜಾರದಂತೆ ಒಬ್ಬರ ಮೈಗೊಬ್ಬರು ಮಣ್ಣು ಎರಚಿಕೊಳ್ಳುತ್ತಾರೆ. ಹಲಗೆಯ ಸದ್ದು ಏರುತ್ತದೆ. ಹಣೆಗೆ ಹಣೆ ಹಚ್ಚಿ, ಒಂದು ಕೈ ಎದುರಾಳಿಯ ಕತ್ತಿನ ಹಿಂದೆ, ಇನ್ನೊಂದು ಅವನ ರಟ್ಟೆಯ ಮೇಲೆ. ಕಣ್ಣು ಮಾತ್ರ ಅವನ ಕಾಲಿನ ಮೇಲೆ. ಎಷ್ಟು ಹೊತ್ತು ಮೇಲುಗೈ ಸಾಧಿಸಿದರೂ ಅಂಕವಿಲ್ಲ. ಬೆನ್ನು ನೆಲಕ್ಕೆ ತಾಗಿತೋ, ಚಿತ್, ಅಲ್ಲಿಗೆ ಮುಗಿಯಿತು. ಯಾರೂ ಚಿತ್ ಆಗದಿದ್ದರೆ ಸಮಬಲ, ಬಹುಮಾನ ಹಂಚಿಕೆ.

ಈ ನಿಯಮ ಮನಸ್ಸಿನ ಜತೆಗೆ ಮೈಯನ್ನೂ ತಿದ್ದುತ್ತದೆ. ಗರಡಿಯಲ್ಲಿ ಬೆಳೆದವನಿಗೆ ಬೆನ್ನು ನೆಲ ಮುಟ್ಟುವುದೇ ಅಪಮಾನ. ಆದ್ದರಿಂದ ಕೆಳಗೆ ಬೀಳುವ ಕ್ಷಣದಲ್ಲಿ ಅವನು ಯೋಚಿಸದೆಯೇ ಹೊರಳಿ ಬೋರಲು ಬೀಳುತ್ತಾನೆ, ಕತ್ತು ಬಿಗಿಹಿಡಿದು ಮಣ್ಣಿಗೆ ಅಂಟಿಕೊಳ್ಳುತ್ತಾನೆ. ಅಖಾಡದಲ್ಲಿ ಇದು ಅವನನ್ನು ಉಳಿಸುವ ವರಸೆ.

ಎಂಎಂಎ ಪಂಜರದಲ್ಲಿ ಇದೇ ವರಸೆ ಅವನನ್ನು ಕೆಡಿಸುತ್ತದೆ. ಬೋರಲು ಬಿದ್ದವನ ಬೆನ್ನೇರಿದ ಎದುರಾಳಿ ಕಾಲುಗಳಿಂದ ಸೊಂಟ ಕಟ್ಟಿ, ಗದ್ದದ ಕೆಳಗೆ ತೋಳು ತೂರಿಸಿ ಕತ್ತು ಬಿಗಿಯುತ್ತಾನೆ. ಅಲ್ಲಿ ಅಂಗಾತ ಮಲಗುವುದು ಸೋಲಲ್ಲ, ಅದು ಕಾದಾಟದ ಒಂದು ನೆಲೆ. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ ಎಂಎಂಎಯ ಮೊದಲ ಯುಎಫ್‌ಸಿ (ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್) ಕೂಟದಲ್ಲಿ ಬ್ರೆಜಿಲ್‌ನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಮಣಿಸಿ ನೆಲದ ಹೋರಾಟದ ಬಲವನ್ನು ಜಗತ್ತಿಗೆ ಕಾಣಿಸಿದ. ಹೀಗಾಗಿ ಪಂಜರಕ್ಕೆ ಹೋಗುವ ಪೈಲ್ವಾನ ಹೊಸ ಪಟ್ಟು ಕಲಿತರೆ ಸಾಲದು, ಯಾವುದನ್ನು ಅಪಮಾನವೆಂದು ನಂಬಿದ್ದನೋ ಆ ನಂಬಿಕೆಯನ್ನೇ ಬಿಡಬೇಕು. ಇದು ತಾಂತ್ರಿಕ ಕಲಿಕೆಗಿಂತ ದೊಡ್ಡ ಮಾನಸಿಕ ದುಡಿಮೆ.

4. ಪಂಜರದ ಮನಸ್ಸು

ಎಂಎಂಎಯಲ್ಲಿ ಸಾಮಾನ್ಯ ಪಂದ್ಯಕ್ಕೆ 5 ನಿಮಿಷಗಳ 3 ಸುತ್ತು, ಪ್ರಶಸ್ತಿ ಪಂದ್ಯಕ್ಕೆ 5 ಸುತ್ತು. ಪಂದ್ಯ ಮುಗಿಯುವ ಬಗೆ ಹಲವು: ಹೊಡೆತಕ್ಕೆ ಪ್ರಜ್ಞೆ ತಪ್ಪಬಹುದು, ರೆಫ್ರಿ ತಡೆಯಬಹುದು, ತೀರ್ಪುಗಾರರು ಅಂಕ ಕೊಡಬಹುದು, ಅಥವಾ ಹೋರಾಟಗಾರ ತಾನೇ ಕೈ ತಟ್ಟಿ ಸೋಲೊಪ್ಪಬಹುದು. ಕೊನೆಯದು ಎಲ್ಲಕ್ಕಿಂತ ಕಠಿಣ. ಬಯಲಿನಲ್ಲಿ ಸೋಲನ್ನು ನೆಲ ಹೇಳುತ್ತದೆ. ಇಲ್ಲಿ ಸೋಲುವವನೇ ಹೇಳಬೇಕು.

ಕ್ರಿಶ್ಚಿಯನ್ ವ್ಯಾಕ್ಕಾರೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಎಂಎಂಎ ಹೋರಾಟಗಾರರು ಭಯವನ್ನು ನಿಭಾಯಿಸುವ ಬಗೆಯನ್ನು ದಾಖಲಿಸಿದೆ. ಭಯ ಅವರಲ್ಲಿ ಇಲ್ಲದೇ ಇಲ್ಲ. ಯೋಜನೆಯನ್ನು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ, ಪಂದ್ಯವನ್ನು ಇನ್ನೊಂದು ದಿನದ ಕೆಲಸವೆಂದೋ ಸೋಲನ್ನು ಪಾಠವೆಂದೋ ಬಗೆಯುತ್ತಾರೆ, ಎದುರಾಳಿಗಿಂತ ತಾವು ಮೇಲೆಂದು ಮನಸ್ಸಿಗೆ ಹೇಳಿಕೊಳ್ಳುತ್ತಾರೆ. 1988ರ ಅಮೆರಿಕದ ಒಲಿಂಪಿಕ್ ಕುಸ್ತಿಪಟುಗಳನ್ನು ಡೇನಿಯಲ್ ಗೌಲ್ಡ್ ಮತ್ತು ಸಂಗಡಿಗರು ಸಂದರ್ಶಿಸಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ಅವರ ಉತ್ತಮ ಪಂದ್ಯಗಳಲ್ಲಿ ಆತ್ಮವಿಶ್ವಾಸ ಮತ್ತು ಯೋಜನೆಗೆ ನಿಷ್ಠೆ ಇದ್ದವು, ಕೆಟ್ಟ ಪಂದ್ಯಗಳಲ್ಲಿ ಅಡ್ಡ ಯೋಚನೆಗಳು ನುಗ್ಗಿ ಯೋಜನೆ ಕೈತಪ್ಪಿತ್ತು.

ವ್ಯಾಕ್ಕಾರೊ ಅವರ ಕೃತಿಯಲ್ಲಿ ಇನ್ನೊಂದು ಸೂಚನೆಯೂ ಇದೆ ಎಂದು ನನಗೆ ತೋರುತ್ತದೆ. ಈ ಭಯದ ನಿರ್ವಹಣೆ ಒಂಟಿಯ ಸಾಧನೆಯಲ್ಲ, ಜಿಮ್‌ನ ಸಂಗಡಿಗರು, ತರಬೇತುದಾರರು ಸೇರಿ ಕಟ್ಟಿಕೊಡುವಂಥದ್ದು. ನಮ್ಮ ಉಸ್ತಾದರು ಗರಡಿಯಲ್ಲಿ ಮಾಡಿಕೊಂಡು ಬಂದದ್ದೂ ಇದನ್ನೇ.

5. ಹಂಬಲದ ಖರ್ಚು

ಪೈಲ್ವಾನನ ಖುರಾಕು ದುಬಾರಿ. ಹಾಲು, ಬಾದಾಮಿ, ತುಪ್ಪ, ಮೊಟ್ಟೆ ದಿನ ತಪ್ಪದೆ ಬೇಕು; ಒಂದೆರಡು ತಿಂಗಳು ನಿಂತರೆ ವರ್ಷದ ಸಾಮು ಕರಗುತ್ತದೆ. ಅಡಿಕೆ ತೋಟದ ಮನೆ ಈ ಖರ್ಚನ್ನು ತಡೆದುಕೊಂಡೀತು. ಜಗಳೂರಿನ ಒಣಬೇಸಾಯದ ಮನೆಗೆ ಮಳೆ ಕೈಕೊಟ್ಟ ವರ್ಷ ಅದು ಆಗದ ಮಾತು. ಇಬ್ಬರ ಛಲವೂ ಒಂದೇ ಇರಬಹುದು, ಅದು ಉಳಿಯುವ ಕಾಲಾವಧಿ ಒಂದೇ ಆಗಿರುವುದಿಲ್ಲ. ಈ ಅಂತರವನ್ನು ಸ್ವಲ್ಪವಾದರೂ ತುಂಬಿದ್ದು ಸರ್ಕಾರಿ ಕ್ರೀಡಾ ವಸತಿ ನಿಲಯ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ ದಾವಣಗೆರೆಯ ನಿಲಯದಲ್ಲಿ ಪಳಗಿ, 2020ರ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೊ ರೋಮನ್ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು.

ಎಂಎಂಎಯ ಲೆಕ್ಕ ಇನ್ನೂ ಕಟು. ಹೋರಾಟಗಾರನ ಸಂಭಾವನೆಯಲ್ಲಿ ಗೆದ್ದರೆ ಮಾತ್ರ ಸಿಗುವ ಪಾಲು ದೊಡ್ಡದು. ಸೋಲು ಅವನ ಹೆಸರಿನ ಮುಂದೆ ಅಂಕಿಯಾಗಿ ಕೊನೆಯವರೆಗೂ ನಿಲ್ಲುತ್ತದೆ. ಭಾರತದಲ್ಲಿ ಹುಟ್ಟಿ ಯುಎಫ್‌ಸಿ ಪಂಜರ ಹೊಕ್ಕ ಮೊದಲಿಗ ಮಹಾರಾಷ್ಟ್ರದ ಭರತ್ ಕಂದಾರೆ 2017ರ ನವೆಂಬರ್‌ನಲ್ಲಿ ಶಾಂಘೈನಲ್ಲಿ ಮೊದಲ ಸುತ್ತಿನಲ್ಲೇ ಕತ್ತಿನ ಪಟ್ಟಿಗೆ ಸೋತರು. ದೇಶಕ್ಕೆ ಅಲ್ಲಿನ ಮೊದಲ ಮಹಿಳಾ ಗೆಲುವು ಪೂಜಾ ತೋಮರ್ ಅವರಿಂದ ಬಂದದ್ದು 2024ರ ಜೂನ್‌ನಲ್ಲಿ. ತೂಕ ಇಳಿಸುವ ಅಪಾಯವೂ ಇದೆ: 2015ರ ಡಿಸೆಂಬರ್‌ನಲ್ಲಿ ಚೀನಾದ ಯಾಂಗ್ ಜಿಯಾನ್‌ಬಿಂಗ್ ಪಂದ್ಯಕ್ಕಾಗಿ ತೂಕ ಇಳಿಸುವಾಗ ಅಸುನೀಗಿದರು. ಹಂಬಲ ಒಬ್ಬನದೇ ಆಗಿ, ಅದಕ್ಕೆ ಎಲ್ಲೆ ಹಾಕುವವರು ಇಲ್ಲದಾದಾಗ ಮೈಯೇ ಬೆಲೆ ತೆರುತ್ತದೆ.

ಜಾತ್ರೆಯ ಕಣದಲ್ಲಿ ಸೋತವನ ಕೈಗೂ ಒಂದಿಷ್ಟು ಹಣ ಇಡುವ ರೂಢಿ ಹಲವು ಕಡೆ ಇದೆ. ಮುಂದಿನ ಜಾತ್ರೆಗೆ ಅವನನ್ನು ಮತ್ತೆ ಕರೆಯುತ್ತಾರೆ. ಹಾಗೆಂದು ಗರಡಿಯನ್ನು ಆದರ್ಶವೆಂದು ಕೊಂಡಾಡಲಾಗದು. ಮಂಡಿ ಮುರಿದ ಪೈಲ್ವಾನನ ಚಿಕಿತ್ಸೆಗೆ ಅಲ್ಲಿ ಖಚಿತ ಏರ್ಪಾಡಿಲ್ಲ, ಹೆಣ್ಣುಮಕ್ಕಳಿಗೆ ಅದರ ಬಾಗಿಲು ಬಹುಕಾಲ ಮುಚ್ಚಿತ್ತು. ಮೈಸೂರು ದಸರೆಯಲ್ಲಿ ಮಹಿಳೆಯರಿಗೆ ‘ದಸರಾ ಕಿಶೋರಿ’ ಪ್ರಶಸ್ತಿ ಬಂದದ್ದು ಈ ದೃಷ್ಟಿಯಿಂದ ಮಹತ್ವದ ಬದಲಾವಣೆ.

6. ಉಪಸಂಹಾರ

ಅರಮನೆಯ ಮಲ್ಲನ ಸೋಲನ್ನು ದೊರೆ ಹೊತ್ತ, ಜಟ್ಟಿಯದನ್ನು ವಿಧಿ ಹೊತ್ತಿತು, ಬಯಲು ಪೈಲ್ವಾನನದನ್ನು ಗರಡಿಯೂ ಊರೂ ಹಂಚಿಕೊಂಡವು. ಎಂಎಂಎ ಹೋರಾಟಗಾರ ಬಹುಪಾಲು ತಾನೇ ಹೊರುತ್ತಾನೆ. ಅವನ ತೀವ್ರ ಏಕಾಗ್ರತೆ, ತನ್ನನ್ನೇ ನಂಬಿಸಿಕೊಳ್ಳುವ ಮಾತು, ಗೆಲುವಿನ ಹಸಿವುಗಳನ್ನು ಸ್ವಭಾವದ ವಿಶೇಷವೆಂದು ನೋಡುವುದಕ್ಕಿಂತ ಈ ಒಂಟಿತನಕ್ಕೆ ಕೊಟ್ಟ ಉತ್ತರವೆಂದು ನೋಡಿದರೆ ಹೆಚ್ಚು ಅರ್ಥವಾಗುತ್ತವೆ.

ಚನ್ನಗಿರಿಯ ಹುಡುಗನೊಬ್ಬ ನಾಳೆ ಪಂಜರಕ್ಕೆ ಇಳಿಯಬಯಸಿದರೆ ಹಿಡಿತ, ಸಹನೆ, ದಮ್ಮು ಅವನಿಗೆ ಗರಡಿಯಿಂದಲೇ ಸಿಗುತ್ತವೆ. ಸಿಗದೇ ಇರುವುದು ಗಾಯಕ್ಕೆ ವಿಮೆ, ತೂಕಕ್ಕೆ ವೈದ್ಯರ ನಿಗಾ, ಸೋತ ಆರು ತಿಂಗಳೂ ನಿಲ್ಲದ ಖುರಾಕು. ಪ್ರತಿಭೆಯನ್ನು ಹುಡುಕುವ ಯೋಜನೆಗಳು ಗೆದ್ದವರಿಗೆ ಬೆಳ್ಳಿ ಗದೆ ಕೊಡುವಲ್ಲಿಗೆ ನಿಲ್ಲದೆ ಈ ಮೂರನ್ನು ಒದಗಿಸಬೇಕು. ಸೋತವನು ಮರುದಿನ ಸಾಮಿಗೆ ಬರುವಂತೆ ನೋಡಿಕೊಳ್ಳುವ ಊರಿನಲ್ಲಿ ಮಾತ್ರ ದೊಡ್ಡ ಹಂಬಲ ಬೇರು ಬಿಡುತ್ತದೆ.