ಮನಿಲಾದ ನಾರ್ಮಲ್ ಸ್ಕೂಲು: ಶಿಕ್ಷಕರನ್ನು ರೂಪಿಸುವ ವಿಶ್ವವಿದ್ಯಾನಿಲಯ

ನಿಮ್ಮ ಮನೆಯಲ್ಲಿ ಹಳೆಯ ತಲೆಮಾರಿನ ಮಾಸ್ತರರಿದ್ದರೆ ಅವರ ಬಾಯಲ್ಲಿ 'ನಾರ್ಮಲ್ ಸ್ಕೂಲ್' ಎಂಬ ಮಾತನ್ನು ನೀವು ಕೇಳಿರಬಹುದು. ಶಿಕ್ಷಕರ ತರಬೇತಿ ಶಾಲೆಗೆ ಆಗ ಇದ್ದ ಹೆಸರು ಅದು. ಫ್ರೆಂಚರಿಂದ ಬಂದ ಈ ಪದಕ್ಕೆ ಮೇಲ್ಪಂಕ್ತಿ, ಮಾದರಿ ಎಂಬ ಅರ್ಥವಿದೆ. ನಮ್ಮಲ್ಲಿ ಆ ಹೆಸರು ಮರೆಯಾಗಿದೆ. ಆದರೆ ಫಿಲಿಪೈನ್ಸ್ ದೇಶದಲ್ಲಿ ಅದು ಇಂದಿಗೂ ಒಂದು ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಉಳಿದಿದೆ: ಫಿಲಿಪೈನ್ ನಾರ್ಮಲ್ ಯೂನಿವರ್ಸಿಟಿ.

ಫಿಲಿಪೈನ್ಸಿನಲ್ಲಿ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಸ್ಪೇನಿನ ಆಳ್ವಿಕೆ ಇತ್ತು. 1863ರ ರಾಜಾಜ್ಞೆಯಂತೆ ಮನಿಲಾದಲ್ಲಿ ಜೆಸ್ವಿಟ್ ಪಾದ್ರಿಗಳ ಕೈಯಲ್ಲಿ ಒಂದು ನಾರ್ಮಲ್ ಶಾಲೆ ಆರಂಭವಾಯಿತು. ಅಲ್ಲಿ ಪಾಠ ಸ್ಪ್ಯಾನಿಷ್‌ನಲ್ಲಿ ನಡೆಯುತ್ತಿತ್ತು. 1898ರಲ್ಲಿ ದೇಶ ಅಮೆರಿಕನ್ನರ ವಶವಾಯಿತು. 1901ರ ಜನವರಿ 21ರಂದು ಅವರ ಆಯೋಗ 74ನೇ ಕಾಯ್ದೆಯನ್ನು ಹೊರಡಿಸಿತು. ಸರಕಾರಿ ಶಾಲೆಗಳಲ್ಲಿ ಆದಷ್ಟು ಬೇಗ ಇಂಗ್ಲಿಷೇ ಬೋಧನೆಯ ಭಾಷೆಯಾಗಬೇಕು, ಮನಿಲಾದಲ್ಲಿ ಒಂದು ನಾರ್ಮಲ್ ಶಾಲೆ ಸ್ಥಾಪನೆಯಾಗಬೇಕು ಎಂದು ಒಂದೇ ಕಾಯ್ದೆಯಲ್ಲಿ ಬರೆಯಲಾಯಿತು. ಈ ಎರಡು ಮಾತುಗಳನ್ನು ದಯವಿಟ್ಟು ಜೊತೆಯಲ್ಲೇ ಓದಿ. ಶಿಕ್ಷಕನನ್ನು ತಯಾರು ಮಾಡುವ ಕೆಲಸ ಮೊದಲ ದಿನದಿಂದಲೇ ಪರಭಾಷೆಯನ್ನು ಹರಡುವ ಕೆಲಸಕ್ಕೆ ಗಂಟು ಬಿತ್ತು.

ಅದೇ ಆಗಸ್ಟಿನಲ್ಲಿ 'ಥಾಮಸ್' ಎಂಬ ಹಡಗಿನಲ್ಲಿ ಸುಮಾರು 500 ಅಮೆರಿಕನ್ ಶಿಕ್ಷಕರು ಬಂದಿಳಿದರು. ಹಡಗಿನ ಹೆಸರಿನಿಂದ ಅವರಿಗೆ 'ಥಾಮಸೈಟ್'ಗಳು ಎಂಬ ಹೆಸರೇ ಆಯಿತು. ಸೆಪ್ಟೆಂಬರ್ 1ರಂದು ಮನಿಲಾದ ಕೋಟೆಯೊಳಗಿನ ಹಳೆಯ ಶಾಲಾ ಕಟ್ಟಡವೊಂದರಲ್ಲಿ ನಾರ್ಮಲ್ ಶಾಲೆ ಬಾಗಿಲು ತೆರೆಯಿತು. 1912ರಲ್ಲಿ ಅದು ಈಗಿನ ಟಾಫ್ಟ್ ಅವೆನ್ಯೂ ಜಾಗಕ್ಕೆ ಬಂತು. ಮೊದಲು ಪ್ರೌಢಶಾಲೆಯ ಮಟ್ಟದಲ್ಲಿದ್ದ ವ್ಯಾಸಂಗ 1928ರಲ್ಲಿ ಕಾಲೇಜು ಮಟ್ಟಕ್ಕೆ ಏರಿತು.

ಇಷ್ಟರಲ್ಲಿ 1925ರಲ್ಲಿ ಪಾಲ್ ಮನ್ರೋ ಎಂಬ ಅಮೆರಿಕನ್ ಶಿಕ್ಷಣತಜ್ಞರ ತಂಡ ಅಲ್ಲಿನ ಶಾಲೆಗಳನ್ನು ಪರಿಶೀಲಿಸಿತ್ತು. ಬಹುಪಾಲು ಶಿಕ್ಷಕರಿಗೆ ತರಬೇತಿಯೇ ಇಲ್ಲ, ಇಂಗ್ಲಿಷ್ ಓದುವುದರಲ್ಲಿ ಮಕ್ಕಳು ಬಹಳ ಹಿಂದಿದ್ದಾರೆ ಎಂದು ಅವರೇ ಕಂಡುಕೊಂಡರು. ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು ಭಾಷೆಯಾದರೆ ಒಂದನೇ ತರಗತಿಯ ಮಗು ಹೇಗೆ ಮಿಕಮಿಕ ನೋಡುತ್ತದೆ ಎಂಬುದು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನ್ನಂಥವರಿಗೆ ಹೊಸ ಸಂಗತಿಯಲ್ಲ. ಮುಂದೆ ಟಾಗಲಾಗ್ ಭಾಷೆಯನ್ನು ಆಧರಿಸಿದ ರಾಷ್ಟ್ರಭಾಷೆಯ ಪಾಠ 1940ರಲ್ಲಿ ಶಾಲೆಗಳಿಗೆ ಬಂದಾಗ ನಾರ್ಮಲ್ ಶಾಲೆಗಳ ಕೊನೆಯ ವರ್ಷಕ್ಕೂ ಅದನ್ನು ಸೇರಿಸಲಾಯಿತು. ಶಿಕ್ಷಕ ಮೊದಲು ಕಲಿಯದೆ ಮಕ್ಕಳಿಗೆ ಏನು ಕಲಿಸಿಯಾನು?

ಸ್ವಾತಂತ್ರ್ಯದ ನಂತರ 1949ರಲ್ಲಿ ಶಾಲೆಯು ಫಿಲಿಪೈನ್ ನಾರ್ಮಲ್ ಕಾಲೇಜಾಗಿ ಪ್ರಾಥಮಿಕ ಶಿಕ್ಷಣದಲ್ಲಿ ನಾಲ್ಕು ವರ್ಷದ ಪದವಿಯನ್ನು ಕೊಡತೊಡಗಿತು. ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಇದು. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಟಿ.ಸಿ.ಎಚ್. ಸಾಕು, ಬಿ.ಎಡ್. ಹೈಸ್ಕೂಲಿನವರಿಗೆ ಎಂದು ಬಹುಕಾಲ ನಡೆದು ಬಂದಿತ್ತು. ಚಿಕ್ಕ ಮಕ್ಕಳಿಗೆ ಕಲಿಸಲು ಕಡಿಮೆ ಓದು ಸಾಕು ಎಂಬ ಎಣಿಕೆಯನ್ನು ಆ ಬಡ ದೇಶ ಅಷ್ಟು ಹಿಂದೆಯೇ ಕೈಬಿಟ್ಟಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲಿ ನಾಲ್ಕು ವರ್ಷದ ಸಂಯುಕ್ತ ಕೋರ್ಸು ಬಂದದ್ದು 1963ರಲ್ಲಿ. ಅದೂ ಹೈಸ್ಕೂಲು ಶಿಕ್ಷಕರಿಗಾಗಿ.

1991ರ ಡಿಸೆಂಬರಿನಲ್ಲಿ 7168ನೇ ಗಣರಾಜ್ಯ ಕಾಯ್ದೆಯಿಂದ ಕಾಲೇಜು ವಿಶ್ವವಿದ್ಯಾನಿಲಯವಾಯಿತು. ಆಡಳಿತ ರೀಜೆಂಟರ ಮಂಡಳಿಯದು. ನಮ್ಮ ಕುಲಪತಿಗಳ ಸ್ಥಾನದಲ್ಲಿ ಅಲ್ಲಿ ಅಧ್ಯಕ್ಷರಿರುತ್ತಾರೆ. ಮುಖ್ಯ ಆವರಣ ಮನಿಲಾದಲ್ಲೇ ಇದೆ. ಇಸಬೆಲಾ, ಕೆಸೋನ್, ನೆಗ್ರೋಸ್ ಮತ್ತು ದಕ್ಷಿಣದ ಮಿಂಡನಾವೋ ದ್ವೀಪದ ಅಗೂಸಾನ್‌ನಲ್ಲಿ ಇನ್ನು ನಾಲ್ಕು ಆವರಣಗಳಿವೆ. ಎಲ್ಲ ಕಡೆಯೂ ಒಂದೇ ಅಚ್ಚು ಒತ್ತಿಲ್ಲ. ಇಸಬೆಲಾದಲ್ಲಿ ಮೂಲನಿವಾಸಿ ಜನರ ಶಿಕ್ಷಣಕ್ಕೆ ಒತ್ತು. ಮುಸ್ಲಿಮರು, ಕ್ರೈಸ್ತರು, ಬುಡಕಟ್ಟಿನವರು ಕೂಡಿ ಬಾಳುವ ಮಿಂಡನಾವೋದಲ್ಲಿ ಬಹುಸಂಸ್ಕೃತಿ ಶಿಕ್ಷಣಕ್ಕೆ ಒತ್ತು. 2009ರಲ್ಲಿ 9647ನೇ ಕಾಯ್ದೆ ಇದನ್ನು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಕೇಂದ್ರವೆಂದು ಸಾರಿತು. ಅಂದಿನಿಂದ ಶಿಕ್ಷಣ ಇಲಾಖೆಗೂ ಸಂಸತ್ತಿನ ಶಿಕ್ಷಣ ಸಮಿತಿಗಳಿಗೂ ಸಲಹೆ ಕೊಡುವುದು ಅದರ ಕರ್ತವ್ಯವಾಗಿದೆ. ಹಾಗೆಂದು ಇಲ್ಲಿ ಪದವಿ ಪಡೆದವರಿಗೆ ವಿನಾಯಿತಿ ಏನೂ ಇಲ್ಲ. 1994ರ ಕಾನೂನಿನಂತೆ ಅವರೂ ಎಲ್ಲರ ಹಾಗೆ ಪರೀಕ್ಷೆ ಬರೆದು ಶಿಕ್ಷಕ ಲೈಸೆನ್ಸ್ ಪಡೆಯಬೇಕು.

ಭಾಷೆಯ ಗಂಟು ಮಾತ್ರ ಇನ್ನೂ ಬಿಚ್ಚಿಲ್ಲ. 2013ರ ಶಿಕ್ಷಣ ಕಾಯ್ದೆ ಮೂರನೇ ತರಗತಿಯವರೆಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂದು ಹೇಳಿತ್ತು. ಪಠ್ಯಪುಸ್ತಕಗಳ ಕೊರತೆ, ಒಂದೇ ತರಗತಿಯಲ್ಲಿ ಹಲವು ಭಾಷೆಯ ಮಕ್ಕಳು, ಆ ಭಾಷೆಗಳಲ್ಲಿ ತರಬೇತಾದ ಶಿಕ್ಷಕರು ಸಾಲದಿರುವುದು — ಈ ತೊಂದರೆಗಳು ಎದುರಾದವು. 2024ರ ಅಕ್ಟೋಬರಿನಲ್ಲಿ 12027ನೇ ಕಾಯ್ದೆ ಆ ಕಡ್ಡಾಯವನ್ನು ತೆಗೆದು, ಫಿಲಿಪಿನೋ ಮತ್ತು ಇಂಗ್ಲಿಷಿಗೆ ಮರಳಿ ಸ್ಥಾನ ಕೊಟ್ಟಿತು. ಮಕ್ಕಳೆಲ್ಲರೂ ಒಂದೇ ಭಾಷೆಯವರಾಗಿರುವ ತರಗತಿಗಳಲ್ಲಿ ಮಾತ್ರ ಮಾತೃಭಾಷೆಯನ್ನು ಬಳಸಬಹುದು. ಅದೂ ಆ ಭಾಷೆಯ ವ್ಯಾಕರಣ, ಪುಸ್ತಕಗಳು ಮತ್ತು ಅದರಲ್ಲಿ ಕಲಿಸಬಲ್ಲ ಶಿಕ್ಷಕರು ಇದ್ದರೆ.