ಬಾಲದ ಮೂಳೆಯ ಬೆನ್ನು ಹತ್ತಿ

ಎಂಟನೇ ತರಗತಿಯಲ್ಲಿದ್ದಾಗ ಕೆರೆ ಏರಿಯ ಕೆಳಗೆ ಸಿಕ್ಕ ಎತ್ತಿನ ಕತ್ತಿನ ಮೂಳೆಯೊಂದನ್ನು ತೊಳೆದು ಶಾಲೆಗೆ ತಂದಿದ್ದೆ. ಮನೆಯೊಳಗೆ ತರಲು ಅಮ್ಮ ಬಿಟ್ಟಿರಲಿಲ್ಲ. ವಿಜ್ಞಾನದ ಮೇಷ್ಟ್ರು ಅದನ್ನು ತಿರುಗಿಸಿ ತೋರಿಸಿದರು: ಮುಂದಿನ ತುದಿ ಗುಂಡು, ಹಿಂದಿನದು ಬಟ್ಟಲಿನಂತೆ ಕುಳಿ. ಒಂದು ಮಣಿಯ ಗುಂಡು ಇನ್ನೊಂದರ ಕುಳಿಯಲ್ಲಿ ಕೂರುತ್ತದೆ. ಮೂಳೆಗಳ ಹುಚ್ಚು ಹಿಡಿದದ್ದು ಅಂದೇ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದರೂ ಅದು ಬಿಟ್ಟಿಲ್ಲ.

ಭಾರತದ ಮೊದಲ ಡೈನೋಸಾರ್ ಮೂಳೆಗಳನ್ನು ಹೆಕ್ಕಿದವನೂ ಹವ್ಯಾಸಿಯೇ. ಥಗ್ಗರನ್ನು ಹತ್ತಿಕ್ಕಿದನೆಂದು ಇತಿಹಾಸದಲ್ಲಿ ಓದುತ್ತೇವಲ್ಲ, ಆ ವಿಲಿಯಂ ಸ್ಲೀಮನ್. 1828ರಲ್ಲಿ ಜಬಲ್ಪುರದ ಗುಡ್ಡದಲ್ಲಿ ಅವನಿಗೆ ಕಲ್ಲಾಗಿದ್ದ ಮೂಳೆಗಳು ಸಿಕ್ಕವು. 'ಡೈನೋಸಾರ್' ಎಂಬ ಮಾತನ್ನು ರಿಚರ್ಡ್ ಓವನ್ ಹುಟ್ಟಿಸಿದ್ದು 1842ರಲ್ಲಿ. ಅಂದರೆ ಸ್ಲೀಮನ್ ಕೈಯಲ್ಲಿದ್ದ ವಸ್ತುವಿಗೆ ಆಗ ಹೆಸರೇ ಇರಲಿಲ್ಲ! ವೈದ್ಯ ಸ್ಪಿಲ್ಸ್‌ಬರಿಯ ಮೂಲಕ ಅವು ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್‌ನನ್ನು ತಲುಪಿದವು. ಬ್ರಾಹ್ಮಿ ಲಿಪಿಯನ್ನು ಓದಿ, ಮುಂದೆ ನಮ್ಮ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರು ಕಾಣಲು ದಾರಿ ಮಾಡಿದ ಪ್ರಿನ್ಸೆಪ್ ಇವನೇ.

1877ರಲ್ಲಿ ರಿಚರ್ಡ್ ಲೈಡೆಕ್ಕರ್ ಎರಡು ಬಾಲದ ಮಣಿಗಳನ್ನು ಆಧರಿಸಿ 'ಟೈಟನೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟ. ಅವುಗಳಲ್ಲೂ ಗುಂಡು, ಕುಳಿ ಉಂಟು. ಆದರೆ ನನ್ನ ಎತ್ತಿನ ಮೂಳೆಗೆ ತಿರುವುಮುರುವು: ಮುಂದೆ ಕುಳಿ, ಹಿಂದೆ ಗುಂಡು. ಇದನ್ನು ಮೊದಲ ಸಲ ಓದಿದ ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿಬಿಟ್ಟೆ.

ಆಮೇಲೆ ಆ ಮಣಿಗಳು ಎಲ್ಲಿ ಹೋದವೆಂದು ಯಾರಿಗೂ ತಿಳಿಯದಾಯಿತು. 2003ರಲ್ಲಿ ವಿಲ್ಸನ್ ಮತ್ತು ಅಪ್‌ಚರ್ಚ್ ಎಂಬ ವಿಜ್ಞಾನಿಗಳು, ಇಂಥ ಬಾಲ ಆ ಗುಂಪಿನ ಅನೇಕ ಪ್ರಾಣಿಗಳಿಗಿದೆ, ಅದರಿಂದ ಒಂದನ್ನೇ ಗುರುತಿಸಲಾಗದು, ಈ ಹೆಸರು ನಿಲ್ಲದು ಎಂದರು. ಒಂಬತ್ತು ವರ್ಷದ ನಂತರ, 2012ರಲ್ಲಿ, ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಸಂಗ್ರಹದಲ್ಲೇ ಧನಂಜಯ ಮೊಹಬೆ ಮತ್ತು ಶುಭಾಶಿಸ್ ಸೇನ್ ಒಂದು ಮಣಿಯನ್ನು ಗುರುತಿಸಿದರು. ಮೂಳೆ ಸಿಗುವಷ್ಟರಲ್ಲಿ ಹೆಸರು ಹೋಗಿತ್ತು. ನನಗೇನೋ ಮೂಳೆ ಸಿಕ್ಕಿದ್ದೇ ದೊಡ್ಡದು. ಹೆಸರನ್ನು ಇನ್ನೊಮ್ಮೆ ಇಡಬಹುದು.

ಸುವರ್ಣ ಮಹೋತ್ಸವದ ಸಿದ್ಧತೆಗೆಂದು ಶಾಲೆಗೆ ಬಂದವನು ಪ್ರಯೋಗಾಲಯದ ಕಿಟಕಿಯ ಬಳಿ ನನ್ನ ಮೂಳೆಯನ್ನು ಹುಡುಕಿದೆ. ಇರಲಿಲ್ಲ. ಎಲ್ಲಿ, ಯಾವಾಗ ಸಿಕ್ಕಿತೆಂದು ಚೀಟಿ ಅಂಟಿಸದೆ ಬಿಟ್ಟವನು ನಾನೇ. ಯಾರಿಗಾದರೂ ಕಂಡರೆ ದಯವಿಟ್ಟು ತಿಳಿಸಿ: ಗುಂಡು ತುದಿಯ ಎಡ ಅಂಚು ಸ್ವಲ್ಪ ಮುಕ್ಕಾಗಿದೆ.