ಹೆದ್ದಾರಿಯ ಗೆರೆ ಮತ್ತು ಅಗ್ಗದ ನೆಲ

ಹೊಸ ಹೆದ್ದಾರಿಗೆಂದು ನಕ್ಷೆಯ ಮೇಲೆ ನಾಲ್ಕೈದು ಗೆರೆ ಎಳೆದು, ಯಾವುದು ಲೇಸೆಂದು ತೂಗಿ ನೋಡುವ ವಿದ್ಯೆಯ ಬೇರು 19ನೇ ಶತಮಾನದಲ್ಲಿದೆ. ಸಾರ್ವಜನಿಕ ಕಾಮಗಾರಿಗಳ ಪ್ರಯೋಜನವನ್ನು ಹಣದಲ್ಲಿ ಅಳೆಯುವುದು ಹೇಗೆಂದು ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ 1844ರಲ್ಲೇ ಬರೆದಿದ್ದ. ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ 1952ರಲ್ಲಿ ರಸ್ತೆ ಬಳಸುವವರ ಲಾಭ ಲೆಕ್ಕಹಾಕುವ ಕೈಪಿಡಿ ತಂದಿತು. ಲಂಡನ್–ಬರ್ಮಿಂಗ್‌ಹ್ಯಾಂ ಮೋಟಾರುಮಾರ್ಗದ ಲಾಭ-ವೆಚ್ಚದ ಅಧ್ಯಯನ 1960ರಲ್ಲಿ ಹೊರಬಂತು. ಹೀಗೆ ಬೆಳೆದು ಬಂದ ಲೆಕ್ಕದ ಮಾದರಿ ಹೆಚ್ಚುಕಡಿಮೆ ಇದು: ಒಂದು ಕಡೆ ಮಣ್ಣು ಕೆಲಸ, ಸೇತುವೆ, ಭೂಮಿಯ ಖರೀದಿ, ನಿರ್ವಹಣೆ, ಇನ್ನೊಂದು ಕಡೆ ಉಳಿಯುವ ಇಂಧನ, ಉಳಿಯುವ ಸಮಯ, ತಪ್ಪುವ ಅಪಘಾತ. ಇಲ್ಲಿ ನೆಲ ಕಾಣಿಸಿಕೊಳ್ಳುವುದು ಖರೀದಿಯ ಬೆಲೆಯಾಗಿ ಮಾತ್ರ. ಈ ವಿದ್ಯೆಯ ಮೂಲ ದೋಷ ಇರುವುದು ಅಲ್ಲೇ ಎಂಬುದು ನನ್ನ ವಾದ. ಕೊಳ್ಳುವವರಿಲ್ಲದ, ಮಾರುವಂತಿಲ್ಲದ ನೆಲ ಇಂಥ ಲೆಕ್ಕದಲ್ಲಿ ಯಾವಾಗಲೂ ಅಗ್ಗ. ಹಾಗಾಗಿ ಗೆರೆ ತಾನಾಗಿ ಕಾಡು, ಕೆರೆಯಂಗಳ, ಗೋಮಾಳ, ಉದ್ಯಾನ, ಬಡವರ ಕೇರಿಗಳ ಕಡೆಗೆ ವಾಲುತ್ತದೆ. ಅದಕ್ಕೆ ಯಾರದೇ ದುರುದ್ದೇಶ ಬೇಕಿಲ್ಲ, ಕೂಡಿ ಕಳೆದರೆ ಸಾಕು.

ಇದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದು ಒಂದು ನ್ಯಾಯಾಲಯ. ಅಮೆರಿಕದ ಮೆಂಫಿಸ್ ನಗರದಲ್ಲಿ 342 ಎಕರೆಯ ಓವರ್ಟನ್ ಪಾರ್ಕ್ ಇದೆ. ಆರು ಪಥಗಳ ಐ-40 ಹೆದ್ದಾರಿ ಅದನ್ನು ಸೀಳಿಕೊಂಡು ಹೋಗಿ 26 ಎಕರೆ ನುಂಗುವುದಿತ್ತು. ಕಾರ್ಯಸಾಧ್ಯವಾದ, ವಿವೇಕಯುತವಾದ ಬೇರೆ ಮಾರ್ಗವಿದ್ದರೆ ಉದ್ಯಾನವನ್ನು ಮುಟ್ಟಕೂಡದೆಂದು 1966ರ ಕಾನೂನು ಹೇಳುತ್ತಿತ್ತು. ಬೇರೆ ಮಾರ್ಗ ದುಬಾರಿ, ಮನೆಗಳನ್ನು ಕೆಡವಬೇಕಾಗುತ್ತದೆ, ಆದ್ದರಿಂದ ಅದು ವಿವೇಕಯುತವಲ್ಲ ಎಂಬುದು ಸರ್ಕಾರದ ಪಕ್ಷ. 1971ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದನ್ನು ಒಪ್ಪಲಿಲ್ಲ. ಉದ್ಯಾನದ ಜಾಗ ಮೊದಲೇ ಸರ್ಕಾರದ್ದು, ಅಲ್ಲಿ ಎಬ್ಬಿಸಬೇಕಾದ ಮನೆಗಳೂ ಇಲ್ಲ. ಹಣ ಮತ್ತು ಅನುಕೂಲಗಳನ್ನೇ ತೂಗಿದರೆ ಪ್ರತಿ ಬಾರಿಯೂ ಉದ್ಯಾನವೇ ಸೋಲುತ್ತದೆ, ಆಗ ಕಾನೂನು ಮಾಡಿದ್ದಕ್ಕೆ ಅರ್ಥವೇ ಉಳಿಯದು ಎಂಬುದು ಆ ತೀರ್ಪಿನ ತಿರುಳು. 1981ರಲ್ಲಿ ಉದ್ಯಾನದೊಳಗಿನ ಮಾರ್ಗವನ್ನು ಕೈಬಿಡಲಾಯಿತು. ಸಂಚಾರ ನಗರದ ಉತ್ತರದ ವರ್ತುಲ ರಸ್ತೆಯಲ್ಲಿ ಸಾಗುತ್ತಿದೆ.

ನ್ಯಾಯಾಲಯ ಕಾನೂನಿನ ಮೂಲಕ ಮಾಡಿದ್ದನ್ನು ಭೂದೃಶ್ಯ ವಿನ್ಯಾಸಕ ಇಯಾನ್ ಮೆಕ್‌ಹಾರ್ಗ್ ನಕ್ಷೆಯ ಮೂಲಕ ಮಾಡಲು ಹೊರಟಿದ್ದ. ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ರಿಚ್ಮಂಡ್ ಪಾರ್ಕ್‌ವೇಗಾಗಿ ಅವನು ಇಳಿಜಾರು, ನೀರು, ಕಾಡು, ವನ್ಯಜೀವಿ, ಚಾರಿತ್ರಿಕ ತಾಣ, ವಸತಿ ಹೀಗೆ ಒಂದೊಂದಕ್ಕೂ ಒಂದೊಂದು ಪಾರದರ್ಶಕ ಹಾಳೆ ಮಾಡಿಸಿದ. ಬೆಲೆಬಾಳುವ ಜಾಗಕ್ಕೆ ಗಾಢ ಬಣ್ಣ, ಅಷ್ಟೇನೂ ಅಲ್ಲದ ಕಡೆ ತೆಳು ಬಣ್ಣ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ತಿಳಿಯಾಗಿ ಉಳಿದ ಪಟ್ಟಿಯೇ ಸಮಾಜಕ್ಕೆ ಕಡಿಮೆ ನಷ್ಟದ ದಾರಿ. 1969ರ ‘ಡಿಸೈನ್ ವಿತ್ ನೇಚರ್’ ಕೃತಿಯಿಂದ ಈ ಪದ್ಧತಿ ಜಗತ್ತಿಗೆ ಪರಿಚಯವಾಯಿತು. ಇಂದು ಕಂಪ್ಯೂಟರಿನಲ್ಲಿ ಜಿಐಎಸ್ ನಕ್ಷೆಯ ಪದರಗಳನ್ನು ಕೂಡಿಸುವವರೂ ಇದೇ ಜಾಡಿನಲ್ಲಿದ್ದಾರೆ. ಇದಕ್ಕೆ ಬಂದ ಆಕ್ಷೇಪ ಗಟ್ಟಿಯಾದದ್ದು. ಬೇರೆಬೇರೆ ಜಾತಿಯ ನಷ್ಟಗಳಿಗೆ ಒಂದು, ಎರಡು, ಮೂರು ಎಂದು ದರ್ಜೆ ಕೊಟ್ಟು ಕೂಡುವುದು ಗಣಿತವಾಗಿ ತಪ್ಪು ಎಂದು ಯೋಜನಾಶಾಸ್ತ್ರಜ್ಞ ಲೂಯಿಸ್ ಹಾಪ್‌ಕಿನ್ಸ್ 1977ರಲ್ಲಿ ತೋರಿಸಿದ. ಬಣ್ಣ ಎಷ್ಟು ಗಾಢವಾಗಿರಬೇಕೆಂಬುದೂ ತಜ್ಞನ ಇಷ್ಟಕ್ಕೆ ಬಿಟ್ಟದ್ದೇ. ಆದರೂ ಒಂದು ವ್ಯತ್ಯಾಸವಿದೆ: ಮೆಕ್‌ಹಾರ್ಗ್‌ನ ಹಾಳೆಯಲ್ಲಿ ತಪ್ಪು ಬಣ್ಣ ಯಾರ ಕಣ್ಣಿಗೂ ಬೀಳುತ್ತದೆ, ಜಗಳ ತೆಗೆಯಬಹುದು. ಸೊನ್ನೆ ರೂಪಾಯಿಯ ಕಾಡು ಮೊತ್ತದೊಳಗೆ ಕರಗಿಹೋದರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ಹಾಗಾದರೆ ಕಾಡಿಗೂ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸಿದರೆ ಸಾಲದೇ? ಭಾರತ ಇದನ್ನೇ ಮಾಡಿ ನೋಡಿದೆ. ಅರಣ್ಯಭೂಮಿಯನ್ನು ಬೇರೆ ಬಳಕೆಗೆ ಪಡೆಯುವವರು ಕಟ್ಟಬೇಕಾದ ನಿವ್ವಳ ಪ್ರಸ್ತುತ ಮೌಲ್ಯವನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಅಭಯಾರಣ್ಯಕ್ಕೆ ಅದರ ಐದು ಪಟ್ಟು, ರಾಷ್ಟ್ರೀಯ ಉದ್ಯಾನಕ್ಕೆ ಹತ್ತು ಪಟ್ಟು. ಹೆಕ್ಟೇರೆಂದರೆ ಎರಡೂವರೆ ಎಕರೆ. ಬೆಂಗಳೂರಿನ ಹೊರವಲಯದಲ್ಲಿ ಒಂದು ಸೈಟಿಗೆ ಕೊಡುವ ಹಣವನ್ನು ಆ ದರದ ಪಕ್ಕದಲ್ಲಿಟ್ಟು ನೋಡಿದರೆ, ದಟ್ಟ ಕಾಡು ಎಷ್ಟು ಅಗ್ಗವಾಗಿಯೇ ಉಳಿಯಿತೆಂದು ತಿಳಿಯುತ್ತದೆ. ಅತ್ತ 2013ರ ಭೂಸ್ವಾಧೀನ ಕಾನೂನು ಹಳ್ಳಿಯ ಜಮೀನಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ ಕೊಡಿಸುತ್ತದೆ. ರೈತನಿಗೆ ಅದು ನ್ಯಾಯವೇ. ಆದರೆ ಖಾಸಗಿ ನೆಲ ದುಬಾರಿಯಾದಷ್ಟೂ ಸಾರ್ವಜನಿಕ ನೆಲದತ್ತ ಗೆರೆಯ ಸೆಳೆತ ಹೆಚ್ಚುತ್ತದೆ. ಅದಕ್ಕೇ ಭೂಬಳಕೆಯ ಯೋಜನೆ ಮೊದಲು ನಿಲ್ಲಬೇಕು: ಇಂತಿಂಥ ನೆಲ ಮಾತುಕತೆಗೆ ಹೊರಗು ಎಂದು ಬೇಲಿ ಹಾಕಿ, ಉಳಿದ ಮಾರ್ಗಗಳ ನಡುವೆ ವೆಚ್ಚ ತೀರ್ಪು ಕೊಡಲಿ.

ಇದಕ್ಕೆ ಎದುರಾಗುವ ದೊಡ್ಡ ಪ್ರಶ್ನೆ ಬಳಸುದಾರಿಯದು. ಐದು ಕಿಲೋಮೀಟರ್ ಹೆಚ್ಚಾದ ರಸ್ತೆಯಲ್ಲಿ ದಿನಕ್ಕೆ 20,000 ವಾಹನ ಓಡಿದರೆ ದಿನವೂ ಒಂದು ಲಕ್ಷ ಕಿಲೋಮೀಟರ್ ವ್ಯರ್ಥ ಓಟ, ಅದರ ಡೀಸೆಲ್, ಅದರ ಹೊಗೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಈ ಲೆಕ್ಕ ಒಂದು ನಂಬಿಕೆಯ ಮೇಲೆ ನಿಂತಿದೆ: ರಸ್ತೆ ಎಲ್ಲಿ ಹೋದರೂ ಸಂಚಾರ ಅಷ್ಟೇ ಇರುತ್ತದೆ, ಅಕ್ಕಪಕ್ಕದ ನೆಲ ಹಾಗೇ ಇರುತ್ತದೆ ಎಂಬುದು. ಹೊಸ ರಸ್ತೆ ಹೊಸ ಸಂಚಾರವನ್ನು ಹುಟ್ಟಿಸುತ್ತದೆಂದು ಬ್ರಿಟನ್ನಿನ ಸರ್ಕಾರಿ ಸಲಹಾ ಸಮಿತಿಯೇ 1994ರಲ್ಲಿ ಒಪ್ಪಿಕೊಂಡಿತು. ಅದೇ ದಶಕದಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಬಳಿ ವೆಸ್ಟರ್ನ್ ಬೈಪಾಸ್ ಪ್ರಸ್ತಾಪಕ್ಕೆ ‘ಥೌಸಂಡ್ ಫ್ರೆಂಡ್ಸ್ ಆಫ್ ಆರೆಗಾನ್’ ಸಂಸ್ಥೆ ಇನ್ನೊಂದು ಗೆರೆಯನ್ನು ಎದುರಿಡಲಿಲ್ಲ, ಇನ್ನೊಂದು ಭೂಬಳಕೆಯನ್ನೇ ಎದುರಿಟ್ಟಿತು: ರೈಲು ನಿಲ್ದಾಣಗಳ ಸುತ್ತ ಮನೆ, ಕಚೇರಿ, ಅಂಗಡಿ. ಬೈಪಾಸನ್ನು ಕೈಬಿಡಲಾಯಿತು. ಬಳಸುದಾರಿಯೊಂದಿಗೆ ಬದುಕಬಹುದೆಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ: ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ವನ್ಯಜೀವಿಗಳಿಗಾಗಿ 2009ರಿಂದ ರಾತ್ರಿಯ ಸಾಮಾನ್ಯ ಸಂಚಾರ ನಿಂತಿದೆ. ಹುಣಸೂರು–ಗೋಣಿಕೊಪ್ಪ–ಕುಟ್ಟ ದಾರಿ ದೂರವಾದರೂ ರಾತ್ರಿಯ ಲಾರಿಗಳಿಗೆ ಒಂದು ಹಾದಿ ಇದೆ. ಭೂಬಳಕೆಯ ಯೋಜನೆಗಳೇ ಆಗಾಗ ಬದಲಾಗುತ್ತವಲ್ಲ ಎಂದು ಕೇಳುವವರಿಗೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯನ್ನು ತೋರಿಸಬಹುದು. ಎರಡು ದಶಕದ ಹಿಂದೆ ಅಧಿಸೂಚನೆಯಾದ ಗೆರೆ ನಕ್ಷೆಯಲ್ಲೇ ಕೂತಿತು, ನಗರ ಅದರತ್ತ ಬೆಳೆಯಿತು, ಭೂಮಿಯ ಖರ್ಚು ಕಾಮಗಾರಿಯ ಖರ್ಚನ್ನೇ ಮೀರಿಸಿತು. ಯೋಜನೆಗೆ ಬದ್ಧರಾಗಿರದೆ ಇದ್ದರೆ ತೆರಬೇಕಾದ ಬೆಲೆ ಅದು.

ನಮ್ಮಲ್ಲಿ ಮಾರ್ಗಗಳ ತುಲನೆ ನಡೆಯುವುದೇ ಇಲ್ಲವೆಂದಲ್ಲ. ಸಲಹೆಗಾರ ಕಂಪನಿಯ ವಿವರವಾದ ಯೋಜನಾ ವರದಿಯಲ್ಲಿ (ಡಿಪಿಆರ್) ಮೂರು ಗೆರೆ, ಒಂದು ಕೋಷ್ಟಕ ಇದ್ದೇ ಇರುತ್ತದೆ. ಆದರೆ ಊರಿಗೆ ಸುದ್ದಿ ಮುಟ್ಟುವುದು ಬಹುಪಾಲು ಗೆರೆ ಗಟ್ಟಿಯಾದ ಮೇಲೆ. ಭೂಸ್ವಾಧೀನದ ಉದ್ದೇಶ ಸಾರುವ, ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ ಪತ್ರಿಕೆಯಲ್ಲಿ ಬರುತ್ತದೆ: ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ. ಎಕರೆ-ಗುಂಟೆಯಲ್ಲಿ ಲೆಕ್ಕಹಾಕುವ ರೈತ ಹೆಕ್ಟೇರ್, ಚದರ ಮೀಟರ್‌ಗಳಲ್ಲಿ ತನ್ನ ಹೊಲವನ್ನು ಹುಡುಕಬೇಕು. ಆಕ್ಷೇಪಣೆಗೆ 21 ದಿನ; ಅದೂ ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರಿಗೆ ಮಾತ್ರ. ತನ್ನ ಸರ್ವೆ ನಂಬರ್ ಬಿಟ್ಟುಬಿಡಿ ಎಂದು ಅವನು ಕೇಳಬಹುದು. ಉಳಿದೆರಡು ಗೆರೆ ಏಕೆ ಬಿದ್ದುಹೋದವೆಂಬ ಕೋಷ್ಟಕ ಆ ನೋಟಿಸಿನೊಂದಿಗೆ ಬರುವುದಿಲ್ಲ. 2013ರ ಕಾನೂನಿನ ಪರಿಹಾರದ ನಿಯಮಗಳು 2015ರಿಂದ ಹೆದ್ದಾರಿಗೂ ಅನ್ವಯವಾದವು, ಸಾಮಾಜಿಕ ಪರಿಣಾಮದ ಅಧ್ಯಯನ ಮಾತ್ರ ಅನ್ವಯವಾಗಲಿಲ್ಲ. ಆ ಕೋಷ್ಟಕವನ್ನು 3ಎಗೆ ಮೊದಲೇ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಾಕಲು ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ. ಕೆರೆ, ಗೋಮಾಳ, ಕಾಡುಗಳನ್ನು ಯಾವ ದರಕ್ಕೆ ಹಿಡಿದರೆಂದು ಅದರಲ್ಲಿ ಬರೆದಿರಲಿ.